ನಿಮ್ಮನ್ನ ಕೇಳೋ ಹೊತ್ತಿಗೆ ಅಭ್ಯರ್ಥಿ ಫಿಕ್ಸ್ ಆಗಿರ್ತಾರೆ: ಪ್ರೈಮರಿ ಮೇಲೆ ಅಮೆರಿಕದ ಮತದಾರರಿಗೆ ಯಾಕಿಷ್ಟು ಸಿಟ್ಟು?

2016ರ ಜೂನ್ 7ಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಡೆಮಾಕ್ರಟಿಕ್ ಪ್ರೈಮರಿ ಇತ್ತು, ಅಂದ್ರೆ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಯಾರಾಗಬೇಕು ಅಂತ ಮತದಾರರು ಹೇಳೋ ಮತದಾನ, ಜೊತೆಗೆ ನ್ಯೂಜೆರ್ಸಿ, ನ್ಯೂ ಮೆಕ್ಸಿಕೊ, ಮೊಂಟಾನ ಎಲ್ಲ ಸೇರಿ ಒಟ್ಟು ಆರು ರಾಜ್ಯದಲ್ಲಿ ಅವತ್ತೇ ಮತದಾನ. ಹಿಂದಿನ ದಿನ ಸಂಜೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಹಿಲರಿ ಕ್ಲಿಂಟನ್‌ಗೆ ಬೇಕಾದಷ್ಟು ಡೆಲಿಗೇಟ್‌ಗಳು (ಅಭ್ಯರ್ಥಿಯನ್ನ ಆರಿಸೋ ಪಕ್ಷದ ಪ್ರತಿನಿಧಿಗಳು) ಸಿಕ್ಕಾಯ್ತು, ಅವರೇ ಪಕ್ಷದ ಅಭ್ಯರ್ಥಿ ಅಂತ ಘೋಷಿಸಿಬಿಡ್ತು. ದೇಶದಲ್ಲೇ ಅತಿ ಹೆಚ್ಚು ಜನ ಇರೋ ರಾಜ್ಯ ಇನ್ನೂ ಬಾಯಿ ಬಿಟ್ಟಿಲ್ಲ, ಅಷ್ಟರಲ್ಲಿ ತೀರ್ಪು ಬಂದಿದೆ. ಎದುರಾಳಿ ಬರ್ನಿ ಸ್ಯಾಂಡರ್ಸ್ ಬೆಂಬಲಿಗರು ಕಿಡಿಕಾರಿದ್ರು, ಕ್ಲಿಂಟನ್ ಕಡೆಯವರಿಗೂ ಇದು ಖುಷಿ ಕೊಡಲಿಲ್ಲ, ಯಾಕಂದ್ರೆ ಹೇಗೂ ಮುಗೀತಲ್ಲ ಅಂತ ತಮ್ಮ ಮತದಾರರು ಮನೇಲೇ ಉಳಿದ್ರೆ ಏನ್ ಗತಿ ಅನ್ನೋ ಚಿಂತೆ ಅವರಿಗೆ.

ಮರುದಿನ ಕ್ಲಿಂಟನ್ ಕ್ಯಾಲಿಫೋರ್ನಿಯಾನೂ ಗೆದ್ರು, ಒಟ್ಟು ಲೆಕ್ಕದಲ್ಲೂ ಸ್ಯಾಂಡರ್ಸ್‌ಗಿಂತ 30 ಲಕ್ಷಕ್ಕೂ ಹೆಚ್ಚು ವೋಟು ಅವರಿಗೆ ಬಿದ್ದಿತ್ತು, ಅದರಲ್ಲಿ ಅನುಮಾನ ಇಲ್ಲ. ಆದ್ರೂ ಆ ಸಿಟ್ಟು ಇವತ್ತಿನವರೆಗೂ ಆರಿಲ್ಲ. ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಎರಡೂ ಪಕ್ಷದ ಮತದಾರರ ಬಾಯಲ್ಲಿ ಒಂದೇ ದೂರು: ನಮ್ಮ ಸರದಿ ಬರೋ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ. 2016ರ ಏಪ್ರಿಲ್‌ನಲ್ಲಿ ಪ್ಯೂ ಸಂಶೋಧನಾ ಸಂಸ್ಥೆ ಕೇಳಿದಾಗ, ಅತ್ಯುತ್ತಮ ಅಭ್ಯರ್ಥಿಯನ್ನ ಆರಿಸೋಕೆ ಈ ಪ್ರೈಮರಿ ಒಳ್ಳೆ ವಿಧಾನ ಅಂದವರು ಬರೀ ಶೇ. 35 ಮತದಾರರು. ಈ ಸಿಟ್ಟಿಗೆ ಬಲವಾದ ಕಾರಣ ಇದೆ ಅಂತ ನನಗನ್ಸುತ್ತೆ, ಆದ್ರೆ ಜನ ಸಾಮಾನ್ಯವಾಗಿ ಬೆರಳು ತೋರಿಸೋದು ಪಕ್ಷದ ದೊಡ್ಡವರ ಕಡೆಗೆ, ನಿಜವಾದ ತೊಂದರೆ ಇರೋದು ಕ್ಯಾಲೆಂಡರ್‌ನಲ್ಲಿ, ನೋಂದಣಿ ನಿಯಮದಲ್ಲಿ, ಎಣಿಕೆ ಲೆಕ್ಕಾಚಾರದಲ್ಲಿ.

ಮೊದಲು ಇದು ಹೇಗೆ ನಡೆಯುತ್ತೆ ಅಂತ ಬೇಗ ನೋಡಿಬಿಡೋಣ. ನಮ್ಮಲ್ಲಿ ಟಿಕೆಟ್ ಅಂದ್ರೆ ಹೈಕಮಾಂಡ್ ಮಾತು, ಕೊನೇ ಕ್ಷಣದವರೆಗೂ ಬಿ ಫಾರ್ಮ್ ಯಾರ ಕೈಗೆ ಹೋಗುತ್ತೆ ಅಂತ ಕಾಯೋದು. ಅಮೆರಿಕದಲ್ಲಿ ಟಿಕೆಟ್ ಯಾರಿಗೆ ಅನ್ನೋದನ್ನೂ ಮತದಾರರೇ ವೋಟು ಹಾಕಿ ಹೇಳ್ತಾರೆ, ಆದ್ರೆ ನೇರವಾಗಿ ಅಲ್ಲ. ಪ್ರತಿ ರಾಜ್ಯಕ್ಕೂ ಇಂತಿಷ್ಟು ಡೆಲಿಗೇಟ್‌ಗಳು ಅಂತ ಪಕ್ಷ ಹಂಚಿರುತ್ತೆ, ರಾಜ್ಯದ ಫಲಿತಾಂಶ ನೋಡಿ ಆ ಡೆಲಿಗೇಟ್‌ಗಳು ಅಭ್ಯರ್ಥಿಗಳ ಪಾಲಾಗ್ತಾರೆ, ಬೇಸಿಗೆಯಲ್ಲಿ ನಡೆಯೋ ರಾಷ್ಟ್ರೀಯ ಸಮಾವೇಶದಲ್ಲಿ ಯಾರಿಗೆ ಅರ್ಧಕ್ಕಿಂತ ಹೆಚ್ಚು ಡೆಲಿಗೇಟ್‌ಗಳೋ ಅವರೇ ಅಭ್ಯರ್ಥಿ. ಪ್ರೈಮರಿ ಅಂದ್ರೆ ಮಾಮೂಲಿ ಮತದಾನ, ಬೂತ್‌ಗೆ ಹೋಗಿ ಅಥವಾ ಪೋಸ್ಟ್‌ನಲ್ಲಿ ಗುಟ್ಟಾಗಿ ವೋಟು. ಕಾಕಸ್ ಅಂದ್ರೆ ಸಭೆ, ಗೊತ್ತುಪಡಿಸಿದ ಹೊತ್ತಿಗೆ ಶಾಲೆನೋ ಚರ್ಚೋ ಅಂಥ ಜಾಗದಲ್ಲಿ ಸೇರಿ ಅಲ್ಲೇ ತೀರ್ಮಾನ.

ಈ ಪದ್ಧತಿ ಹಳೇದು ಅಂತ ಅನೇಕರು ಅಂದ್ಕೊಂಡಿದಾರೆ. ಪ್ರೈಮರಿಗಳು 20ನೇ ಶತಮಾನದ ಶುರುವಿಂದಲೇ ಇದ್ವು ನಿಜ, ಆದ್ರೆ ಅವಕ್ಕೆ ಹಲ್ಲಿರಲಿಲ್ಲ. 1912ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಹೆಚ್ಚಿನ ರಿಪಬ್ಲಿಕನ್ ಪ್ರೈಮರಿಗಳನ್ನ ಗೆದ್ರೂ ಟಿಕೆಟ್ ಹೋಗಿದ್ದು ಅಧ್ಯಕ್ಷ ಟಾಫ್ಟ್‌ಗೆ. 1952ರಲ್ಲಿ ಎಸ್ಟಿಸ್ ಕೆಫಾವರ್ ಒಂದಾದಮೇಲೊಂದು ಪ್ರೈಮರಿ ಗೆದ್ಕೊಂಡು ಬಂದ್ರು, ಡೆಮಾಕ್ರಟಿಕ್ ಸಮಾವೇಶ ಆರಿಸಿದ್ದು ಆಡ್ಲೈ ಸ್ಟೀವನ್ಸನ್‌ನ. ಎಲ್ಲಾ ಬದಲಾಗಿದ್ದು 1968ರಲ್ಲಿ. ವಿಯೆಟ್ನಾಂ ಯುದ್ಧ ಜೋರಾಗಿತ್ತು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಯುದ್ಧವಿರೋಧಿ ಯೂಜೀನ್ ಮೆಕಾರ್ಥಿ ಕೂತಿದ್ದ ಅಧ್ಯಕ್ಷ ಜಾನ್ಸನ್‌ಗೇ ನೀರು ಕುಡಿಸಿದ್ರು, ಜಾನ್ಸನ್ ಕಣದಿಂದಲೇ ಹಿಂದೆ ಸರಿದ್ರು, ರಾಬರ್ಟ್ ಕೆನಡಿ ಕ್ಯಾಲಿಫೋರ್ನಿಯಾ ಗೆದ್ದ ರಾತ್ರೀನೇ ಗುಂಡೇಟು ತಿಂದು ಮರುದಿನ ಸತ್ತರು. ಇಷ್ಟೆಲ್ಲ ಆದಮೇಲೆ ಆಗಸ್ಟ್‌ನಲ್ಲಿ ಶಿಕಾಗೊ ಸಮಾವೇಶದಲ್ಲಿ ಟಿಕೆಟ್ ಸಿಕ್ಕಿದ್ದು ಒಂದೇ ಒಂದು ಪ್ರೈಮರಿಗೂ ಇಳಿಯದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿಗೆ. ಹೊರಗೆ ಬೀದಿಯಲ್ಲಿ ಪೊಲೀಸರು ಪ್ರತಿಭಟನಾಕಾರರನ್ನ ಬಡೀತಿದ್ರು, ದೇಶ ಅದನ್ನ ಟಿವಿಯಲ್ಲಿ ನೋಡ್ತಾ ಇತ್ತು.

ಆ ಅವಮಾನದಿಂದ ಹುಟ್ಟಿದ್ದೇ ಮೆಕ್‌ಗವರ್ನ್-ಫ್ರೇಸರ್ ಆಯೋಗ. ಡೆಲಿಗೇಟ್‌ಗಳನ್ನ ಆರಿಸೋ ಕೆಲಸ ಬಹಿರಂಗವಾಗಿ, ಎಲ್ಲ ಸದಸ್ಯರಿಗೂ ಅವಕಾಶ ಇರೋ ಥರ ನಡೀಬೇಕು ಅಂತ ಅದು ನಿಯಮ ತಂತು. ರಾಜ್ಯಗಳಿಗೆ ಆ ನಿಯಮ ಪಾಲಿಸೋ ಸುಲಭ ದಾರಿ ಪ್ರೈಮರಿ ನಡೆಸೋದು, ಹಂಗಾಗಿ ಪ್ರೈಮರಿಗಳು ಒಂದೇ ಸಲಕ್ಕೆ ಹೆಚ್ಚಾದ್ವು, ರಿಪಬ್ಲಿಕನ್ನರೂ ಅದೇ ಹಾದಿ ಹಿಡಿದ್ರು. ಅಂದ್ರೆ ಈಗಿನ ಪದ್ಧತಿಗೆ ಐವತ್ತು ಚಿಲ್ಲರೆ ವರ್ಷ ಅಷ್ಟೇ. ಯಾರೂ ಕೂತು ಇದನ್ನ ಹೀಗೇ ಇರಬೇಕು ಅಂತ ನಕ್ಷೆ ಹಾಕಿ ಕಟ್ಟಿಲ್ಲ, ಒಂದು ಗಾಯಕ್ಕೆ ಕಟ್ಟಿದ ಪಟ್ಟಿ ಹಾಗೇ ಉಳ್ಕೊಂಡಿದೆ.

ಈಗ ಕಾಕಸ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಮತದಾರರ ದೂರು ಅತಿ ಹೆಚ್ಚು ಇರೋದು ಇದರ ಬಗ್ಗೆನೇ. ಅಯೋವಾ ರಾಜ್ಯ 1972ರಿಂದ ಮೊದಲ ಸ್ಥಾನ ಹಿಡ್ಕೊಂಡಿತ್ತು, 1976ರಲ್ಲಿ ಜಿಮ್ಮಿ ಕಾರ್ಟರ್ ಅಲ್ಲಿಂದಲೇ ಮೇಲೆದ್ರು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಆದ್ರೆ ಆ ರಾತ್ರಿ ನಿಜವಾಗ್ಲೂ ಮೊದಲ ಸ್ಥಾನದಲ್ಲಿದ್ದಿದ್ದು 'ಯಾರಿಗೂ ಬದ್ಧರಲ್ಲ' ಅನ್ನೋ ಗುಂಪು, ಕಾರ್ಟರ್ ಎರಡನೇದು, ಆದ್ರೂ ಪತ್ರಿಕೆಗಳು ಅವರನ್ನೇ ವಿಜೇತ ಅಂದ್ವು. ಅಲ್ಲಿಂದ ಶುರುವಾದ ಹುಚ್ಚು ನೋಡಿ, ಸುಮಾರು 32 ಲಕ್ಷ ಜನಸಂಖ್ಯೆಯ ಒಂದು ರಾಜ್ಯದ ಸುತ್ತ ಅಭ್ಯರ್ಥಿಗಳು ವರ್ಷಗಟ್ಟಲೆ ಸುತ್ತೋದು. ಡೆಮಾಕ್ರಟ್‌ಗಳ ಹಳೇ ಕಾಕಸ್‌ನಲ್ಲಿ ಗುಟ್ಟಿನ ಮತದಾನವೇ ಇರಲಿಲ್ಲ, ಸಂಜೆ 7ಕ್ಕೆ ಜಿಮ್ ಹಾಲ್‌ನಲ್ಲಿ ಸೇರಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ ಅಂತ ನಿಲ್ಲೋದು, ಯಾರ ಗುಂಪಲ್ಲಿ ಸಾಮಾನ್ಯವಾಗಿ ಶೇ. 15ಕ್ಕಿಂತ ಕಮ್ಮಿ ಜನ ಇದಾರೋ ಅವರು ಬೇರೆ ಗುಂಪಿಗೆ ಹೋಗ್ಬೇಕು, ಅಕ್ಕಪಕ್ಕದವರು ಬಂದು ಒಲಿಸ್ತಾರೆ, ಹೀಗೆ ಒಂದೆರಡು ಗಂಟೆ. ಊರವರೆಲ್ಲ ಕೂತು ಮಾತಾಡಿ ತೀರ್ಮಾನಿಸೋದು ಚಂದ ಅನ್ನೋರು ಇದಾರೆ, ಅದರಲ್ಲಿ ಸತ್ಯನೂ ಇದೆ. ಆದ್ರೆ ಆಸ್ಪತ್ರೆಯಲ್ಲಿ ನೈಟ್ ಶಿಫ್ಟ್ ಮಾಡೋ ನರ್ಸ್ ಏನ್ ಮಾಡ್ಬೇಕು? ಕೈಕೂಸು ಇರೋ ತಾಯಿ? ಹಿಮದಲ್ಲಿ ಓಡಾಡೋಕಾಗದ ಎಂಬತ್ತರ ಅಜ್ಜಿ? ತನ್ನ ಓನರ್ ಎದುರೇ ಕೈ ಎತ್ತಬೇಕಾದ ಕೆಲಸಗಾರ?

2024ರ ಜನವರಿ 15ಕ್ಕೆ ರಿಪಬ್ಲಿಕನ್ ಕಾಕಸ್ ನಡೆದಾಗ ಅಯೋವಾದಲ್ಲಿ ಎಲುಬು ಕೊರೆಯೋ ಚಳಿ, ಬಂದವರು ಸುಮಾರು 1 ಲಕ್ಷ 10 ಸಾವಿರ ಜನ, ಅಂದ್ರೆ ನೋಂದಾಯಿತ ರಿಪಬ್ಲಿಕನ್ನರಲ್ಲಿ ಹೆಚ್ಚುಕಮ್ಮಿ ಏಳರಲ್ಲಿ ಒಬ್ಬರು. ಅಷ್ಟರಲ್ಲಿ ಟ್ರಂಪ್‌ಗೆ ಶೇ. 51. ಅದಕ್ಕಿಂತ ಬೇಜಾರಿನ ವಿಷಯ, ಸಭೆ ಶುರುವಾಗಿ ಅರ್ಧ ಗಂಟೆಯಲ್ಲೇ, ಕೆಲವು ಕಡೆ ಜನ ಇನ್ನೂ ಚೀಟಿ ಹಾಕೋ ಮುಂಚೆನೇ ಟಿವಿಯವರು ಟ್ರಂಪ್ ಗೆದ್ರು ಅಂದ್ಬಿಟ್ರು. ಎಣಿಕೆ ವಿಷಯದಲ್ಲೂ ಅಯೋವಾದ ಹೆಸರು ಚೆನ್ನಾಗಿಲ್ಲ. 2012ರ ರಿಪಬ್ಲಿಕನ್ ಕಾಕಸ್‌ನಲ್ಲಿ ರಾಮ್ನಿ 8 ವೋಟಿಂದ ಗೆದ್ರು ಅಂತ ಘೋಷಿಸಿ, ಎರಡು ವಾರ ಬಿಟ್ಟು ಇಲ್ಲ ಸ್ಯಾಂಟೋರಮ್ 34 ವೋಟು ಮುಂದಿದ್ರು ಅಂತ ತಿದ್ದಿದ್ರು, ಅಷ್ಟು ಹೊತ್ತಿಗೆ ಸ್ಯಾಂಟೋರಮ್‌ಗೆ ಸಿಗಬೇಕಾದ ಗಾಳಿ ಹೋಗಿಯಾಗಿತ್ತು. 2020ರಲ್ಲಿ ಡೆಮಾಕ್ರಟ್‌ಗಳ ಹೊಸ ಆ್ಯಪ್ ಕೈಕೊಟ್ಟು ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕಾಯ್ತು.

ಕಾಕಸ್‌ಗೂ ಪ್ರೈಮರಿಗೂ ಇರೋ ವ್ಯತ್ಯಾಸ ಕಣ್ಣಿಗೆ ಕಟ್ಟೋ ಹಾಗೆ ನೋಡ್ಬೇಕಂದ್ರೆ ವಾಷಿಂಗ್ಟನ್ ರಾಜ್ಯದ 2016ರ ಲೆಕ್ಕ ನೋಡಿ. ಬೆಲ್‌ವ್ಯೂ, ರೆಡ್ಮಂಡ್ ಕಡೆ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ ನೆಲೆಸಿದ ಕನ್ನಡದವರು ಬೇಕಾದಷ್ಟಿರೋ ರಾಜ್ಯ ಅದು. ಮಾರ್ಚ್‌ನಲ್ಲಿ ಡೆಮಾಕ್ರಟಿಕ್ ಕಾಕಸ್ ಆಯ್ತು, ಸುಮಾರು 2 ಲಕ್ಷ 30 ಸಾವಿರ ಜನ ಬಂದ್ರು, ಸ್ಯಾಂಡರ್ಸ್ ಶೇ. 70ಕ್ಕೂ ಮೇಲೆ ತಗೊಂಡು ಗುಡಿಸಿಹಾಕಿದ್ರು. ಮೇ ತಿಂಗಳಲ್ಲಿ ಅದೇ ರಾಜ್ಯದಲ್ಲಿ ಸರ್ಕಾರ ಪೋಸ್ಟಲ್ ಪ್ರೈಮರಿ ನಡೆಸ್ತು, ಸುಮಾರು 8 ಲಕ್ಷ ಜನ ವೋಟು ಹಾಕಿದ್ರು, ಗೆದ್ದಿದ್ದು ಕ್ಲಿಂಟನ್. ಆದ್ರೆ ಪಕ್ಷ ಲೆಕ್ಕಕ್ಕೆ ಹಿಡಿದಿದ್ದು ಕಾಕಸ್‌ನ ಮಾತ್ರ, ಆ 8 ಲಕ್ಷ ವೋಟಿಗೆ ಒಬ್ಬ ಡೆಲಿಗೇಟೂ ಇಲ್ಲ! ನೆಬ್ರಾಸ್ಕದಲ್ಲೂ ಅದೇ ವರ್ಷ ಇದೇ ಥರ ಆಯ್ತು. ಒಂದೇ ರಾಜ್ಯ, ಅದೇ ಇಬ್ಬರು ಅಭ್ಯರ್ಥಿಗಳು, ಕೇಳೋ ವಿಧಾನ ಬದಲಾದ್ರೆ ಉತ್ತರನೇ ಬೇರೆ. ಇದಾದಮೇಲೆ ವಾಷಿಂಗ್ಟನ್, ಕೊಲರಾಡೊ, ಮಿನೆಸೋಟ ಇವೆಲ್ಲ ಪ್ರೈಮರಿಗೆ ತಿರುಗಿದ್ವು, 2024ಕ್ಕೆ ಅಯೋವಾದ ಡೆಮಾಕ್ರಟ್‌ಗಳೂ ಪೋಸ್ಟಲ್ ಕಾರ್ಡಿಗೆ ಬಂದ್ರು. ಕಾಕಸ್ ಪೂರ್ತಿ ಹೋಗ್ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ.

ಪ್ರೈಮರಿಗೆ ಬಂದ್ರೆ ಎಲ್ಲಾ ಸರಿಹೋಗುತ್ತಾ? ಇಲ್ಲ. ಅಲ್ಲಿ ಮೊದಲ ಪ್ರಶ್ನೆ ಯಾರಿಗೆ ಒಳಗೆ ಪ್ರವೇಶ ಅನ್ನೋದು. ಮಿಷಿಗನ್, ಟೆಕ್ಸಸ್, ವರ್ಜೀನಿಯಾದಲ್ಲಿ ಪಕ್ಷದ ನೋಂದಣಿನೇ ಇಲ್ಲ, ಯಾವ ಪ್ರೈಮರಿ ಬೇಕೋ ಅದರಲ್ಲಿ ಹಾಕಬಹುದು. ನ್ಯೂಯಾರ್ಕ್, ಫ್ಲೋರಿಡಾ, ಪೆನ್ಸಿಲ್ವೇನಿಯಾ ಕ್ಲೋಸ್ಡ್, ಅಂದ್ರೆ ನಿಮ್ಮ ನೋಂದಣಿಯಲ್ಲಿ ಆ ಪಕ್ಷದ ಹೆಸರಿಲ್ಲ ಅಂದ್ರೆ ಬಾಗಿಲು ಬಂದ್. ಗ್ಯಾಲಪ್ ಸಮೀಕ್ಷೆಗಳಲ್ಲಿ ಶೇ. 40ಕ್ಕೂ ಹೆಚ್ಚು ಅಮೆರಿಕನ್ನರು ನಾವು ಯಾವ ಪಕ್ಷಕ್ಕೂ ಸೇರಿದವರಲ್ಲ ಅಂತಾರೆ, ಅಂಥವರ ತೆರಿಗೆ ದುಡ್ಡಲ್ಲೇ ಪ್ರೈಮರಿ ನಡೆಯುತ್ತೆ, ಆದ್ರೆ ಈ ರಾಜ್ಯಗಳಲ್ಲಿ ಅವರಿಗೆ ವೋಟಿಲ್ಲ. ನ್ಯೂಯಾರ್ಕ್‌ನಲ್ಲಿ 2016ರ ಏಪ್ರಿಲ್ ಪ್ರೈಮರಿಗೆ ಪಕ್ಷ ಬದಲಾಯಿಸೋ ಕೊನೇ ದಿನ ಹಿಂದಿನ ವರ್ಷದ ಅಕ್ಟೋಬರ್! ಡೊನಾಲ್ಡ್ ಟ್ರಂಪ್ ಮಕ್ಕಳಾದ ಇವಾಂಕ ಮತ್ತು ಎರಿಕ್ ಕೂಡ ಆ ದಿನಾಂಕ ತಪ್ಪಿಸ್ಕೊಂಡು ಸ್ವಂತ ಅಪ್ಪನಿಗೆ ವೋಟು ಹಾಕೋಕಾಗಲಿಲ್ಲ. ಆಮೇಲೆ 2019ರಲ್ಲಿ ಆ ನಿಯಮ ಸಡಿಲ ಆಯ್ತು.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಗೊಂದಲ. ಅಲ್ಲಿ ಅಮೆರಿಕನ್ ಇಂಡಿಪೆಂಡೆಂಟ್ ಪಾರ್ಟಿ ಅಂತ ಕಟ್ಟಾ ಬಲಪಂಥೀಯ ಪಕ್ಷ ಒಂದಿದೆ. ಪಕ್ಷವೇ ಬೇಡ, ಇಂಡಿಪೆಂಡೆಂಟ್ ಆಗಿರ್ತೀನಿ ಅಂದ್ಕೊಂಡವರು ಫಾರ್ಮ್‌ನಲ್ಲಿ ಆ ಹೆಸರು ನೋಡಿ ಟಿಕ್ ಹಾಕಿಬಿಡ್ತಾರೆ. 2016ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ವಿಚಾರಿಸಿದಾಗ ಆ ಪಕ್ಷದ ನೋಂದಾಯಿತರಲ್ಲಿ ಹತ್ತಿರಹತ್ತಿರ ನಾಲ್ಕಕ್ಕೆ ಮೂರು ಜನಕ್ಕೆ ತಾವು ಒಂದು ಪಕ್ಷ ಸೇರಿದೀವಿ ಅನ್ನೋದೇ ಗೊತ್ತಿರಲಿಲ್ಲ. ಹೀಗೆ ತಪ್ಪಾಗಿ ಟಿಕ್ ಹಾಕಿದವರಿಗೆ ಡೆಮಾಕ್ರಟಿಕ್ ಪ್ರೈಮರಿ ಬ್ಯಾಲೆಟ್ ಸಿಗಲ್ಲ. ಹೊಸದಾಗಿ ಸಿಟಿಜನ್‌ಶಿಪ್ ತಗೊಂಡು ಮೊದಲ ಸಲ ಫಾರ್ಮ್ ತುಂಬೋ ನಮ್ಮವರು ಇದನ್ನ ಖಂಡಿತ ತಿಳ್ಕೊಂಡಿರಬೇಕು. ನ್ಯೂಜೆರ್ಸಿ ಕಥೆ ಬೇರೆ, ಅಲ್ಲಿ ಬಹುತೇಕ ಕೌಂಟಿಗಳಲ್ಲಿ ಪಕ್ಷದ ಮುಖಂಡರು ಒಪ್ಪಿದ ಅಭ್ಯರ್ಥಿಗಳೆಲ್ಲ ಬ್ಯಾಲೆಟ್‌ನಲ್ಲಿ ಒಂದೇ ಸಾಲಲ್ಲಿ ಎದ್ದು ಕಾಣೋ ಹಾಗೆ ಇರ್ತಿದ್ರು, ಉಳಿದವರು ಎಲ್ಲೋ ಮೂಲೆಯಲ್ಲಿ. 2024ರಲ್ಲಿ ಸೆನೆಟ್‌ಗೆ ನಿಂತಿದ್ದ ಆ್ಯಂಡಿ ಕಿಮ್ ಕೋರ್ಟ್‌ಗೆ ಹೋದಮೇಲೆ ಫೆಡರಲ್ ಜಡ್ಜ್ ಆ ವರ್ಷದ ಡೆಮಾಕ್ರಟಿಕ್ ಪ್ರೈಮರಿಗೆ ಅದನ್ನ ನಿಲ್ಲಿಸಿದ್ರು.

ಎಣಿಕೆ ನಿಯಮಕ್ಕೆ ಬಂದ್ರೆ ಡೆಮಾಕ್ರಟ್‌ಗಳಲ್ಲಿ ಶೇ. 15 ದಾಟಿದವರಿಗೆಲ್ಲ ಪಾಲು ಸಿಗುತ್ತೆ, ರಿಪಬ್ಲಿಕನ್ನರಲ್ಲಿ ಎಷ್ಟೋ ರಾಜ್ಯದಲ್ಲಿ ಮೊದಲು ಬಂದವರಿಗೇ ಬಹುಪಾಲು ಅಥವಾ ಪೂರ್ತಿ. 2016ರಲ್ಲಿ ಸೌತ್ ಕ್ಯಾರೊಲೈನಾದಲ್ಲಿ ಟ್ರಂಪ್‌ಗೆ ಬಿದ್ದಿದ್ದು ಶೇ. 32.5 ವೋಟು, ಸಿಕ್ಕಿದ್ದು ಅಲ್ಲಿನ 50ಕ್ಕೆ 50 ಡೆಲಿಗೇಟ್‌ಗಳು. ಉಳಿದ ಮೂರರಲ್ಲಿ ಎರಡು ಭಾಗ ವೋಟು ರೂಬಿಯೊ, ಕ್ರೂಜ್, ಬುಷ್ ಅಂತ ಹಂಚಿಹೋಯ್ತು. ಟ್ರಂಪ್ ಬೆಂಬಲಿಗರು ಆಟದ ನಿಯಮ ಎಲ್ಲರಿಗೂ ಒಂದೇ ಇತ್ತಲ್ಲ ಅಂತಾರೆ, ಸರಿನೇ. ಆದ್ರೆ ಹೆಚ್ಚು ಜನ ಒಪ್ಪೋ ಅಭ್ಯರ್ಥಿ ಯಾರು ಅಂತ ಕಂಡುಹಿಡಿಯೋದೇ ಉದ್ದೇಶ ಆಗಿದ್ರೆ ಆ ನಿಯಮ ಅದನ್ನ ಮಾಡಲ್ಲ.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಕ್ಯಾಲೆಂಡರ್‌ದು. 2020ರಲ್ಲಿ ಬೈಡನ್ ಅಯೋವಾದಲ್ಲಿ ನಾಲ್ಕನೇ ಸ್ಥಾನ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೇದು, ಎಲ್ಲರೂ ಕೈ ತೊಳ್ಕೊಂಡಿದ್ರು. ಫೆಬ್ರವರಿ 29ಕ್ಕೆ ಸೌತ್ ಕ್ಯಾರೊಲೈನಾದ ಕಪ್ಪು ಮತದಾರರು ಕೈ ಹಿಡಿದ್ರು, ಮರುದಿನ ಬುಟಿಜೆಜ್, ಅದರ ಮರುದಿನ ಕ್ಲೋಬುಶಾರ್ ಕಣ ಬಿಟ್ಟು ಬೈಡನ್ ಪರ ನಿಂತ್ರು, ಮಾರ್ಚ್ 3ರ ಸೂಪರ್ ಟ್ಯೂಸ್ಡೇ, ಅಂದ್ರೆ ಹಲವು ರಾಜ್ಯದಲ್ಲಿ ಒಟ್ಟಿಗೆ ಮತದಾನ ಇರೋ ಮಂಗಳವಾರ, ಒಂದೇ ದಿನದಲ್ಲಿ ಚಿತ್ರ ಬದಲಾಯ್ತು. ಇಷ್ಟರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪೋಸ್ಟಲ್ ಬ್ಯಾಲೆಟ್ ತಿಂಗಳ ಹಿಂದೇನೇ ಮನೆಗೆ ಬಂದಿತ್ತು, ಬುಟಿಜೆಜ್‌ಗೋ ಕ್ಲೋಬುಶಾರ್‌ಗೋ ಹಾಕಿ ಕಳಿಸಿದವರ ವೋಟು ಪೋಲು, ಬದಲಾಯಿಸೋ ಹಾಗಿಲ್ಲ. ಬೇಗ ಹಾಕಿದವರ ವೋಟು ಹೀಗೆ ಹಾಳು, ತಡವಾಗಿ ಹಾಕೋರಿಗೆ ಆರಿಸೋಕೆ ಯಾರೂ ಉಳಿದಿರಲ್ಲ, 2024ರಲ್ಲಿ ಟ್ರಂಪ್ ಎದುರಾಳಿ ನಿಕ್ಕಿ ಹೇಲಿ ಮಾರ್ಚ್ 6ಕ್ಕೆ ಹಿಂದೆ ಸರಿದ್ರು, ಜೂನ್‌ನಲ್ಲಿ ವೋಟು ಹಾಕಿದ ನ್ಯೂಜೆರ್ಸಿ ರಿಪಬ್ಲಿಕನ್ನರಿಗೆ ಯಾವ ಆಯ್ಕೆ ಇತ್ತು ಹೇಳಿ.

2024ರಲ್ಲಿ ಡೆಮಾಕ್ರಟ್‌ಗಳ ಕಡೆ ಆಗಿದ್ದು ಇನ್ನೂ ನೋವಿನ ಕಥೆ. ಬೈಡನ್-ಟ್ರಂಪ್ ಮರುಪಂದ್ಯ ಬೇಡ ಅಂತ ಸಮೀಕ್ಷೆ ಮೇಲೆ ಸಮೀಕ್ಷೆಯಲ್ಲಿ ಹೆಚ್ಚಿನ ಮತದಾರರು ಹೇಳ್ತಾನೇ ಇದ್ರು. ಪಕ್ಷ ಕೇಳಲಿಲ್ಲ. ಫ್ಲೋರಿಡಾದಲ್ಲಿ ಬೈಡನ್ ಹೆಸರೊಂದೇ ಕಳಿಸಿದ್ದಕ್ಕೆ ಪ್ರೈಮರಿನೇ ನಡೀಲಿಲ್ಲ. 2020ರಲ್ಲಿ ರಿಪಬ್ಲಿಕನ್ನರೂ ಟ್ರಂಪ್‌ಗಾಗಿ ಕೆಲವು ರಾಜ್ಯದಲ್ಲಿ ಪ್ರೈಮರಿ, ಕಾಕಸ್ ರದ್ದು ಮಾಡಿದ್ರು, ಈ ಚಾಳಿ ಒಂದೇ ಪಕ್ಷದ್ದಲ್ಲ. ಮಿಷಿಗನ್‌ನಲ್ಲಿ ಗಾಜಾ ವಿಷಯಕ್ಕೆ ನೊಂದವರು 1 ಲಕ್ಷಕ್ಕೂ ಹೆಚ್ಚು ಜನ 'ಯಾರಿಗೂ ಬದ್ಧರಲ್ಲ' ಅಂತ ವೋಟು ಹಾಕಿದ್ರು, ಅಷ್ಟರಮಟ್ಟಿಗೆ ಮಾತ್ರ ಜನರ ದನಿ ಕೇಳಿಸ್ತು. ಜೂನ್ 27ರ ಡಿಬೇಟ್‌ನಲ್ಲಿ ಟ್ರಂಪ್ ಎದುರು ಬೈಡನ್ ತಡಬಡಿಸಿದ್ರು, ಜುಲೈ 21ಕ್ಕೆ ಬೈಡನ್ ಹಿಂದೆ ಸರಿದ್ರು, ಆಗಸ್ಟ್ ಮೊದಲ ವಾರದಲ್ಲಿ ಡೆಲಿಗೇಟ್‌ಗಳು ಆನ್‌ಲೈನ್‌ನಲ್ಲೇ ವೋಟು ಹಾಕಿ ಕಮಲಾ ಹ್ಯಾರಿಸ್‌ನ ಆರಿಸಿದ್ರು. ಪ್ರೈಮರಿಯಲ್ಲಿ ಬೈಡನ್‌ಗೆ ಬಿದ್ದಿದ್ದ 1.4 ಕೋಟಿ ವೋಟು ಏನಾಯ್ತು ಅಂತ ಒಬ್ಬರು ಕೇಳಿದ್ರೆ, ಉಪಾಧ್ಯಕ್ಷೆಯಾಗಿ ಅವರ ಹೆಸರೂ ಜೊತೆಗೇ ಇತ್ತಲ್ಲ, ಮೂರು ತಿಂಗಳಲ್ಲಿ ಇನ್ನೇನ್ ಮಾಡೋಕಾಗ್ತಿತ್ತು ಅಂತ ಇನ್ನೊಬ್ಬರು. ಎರಡನೇ ಮಾತು ನನಗೆ ಅರ್ಥ ಆಗುತ್ತೆ, ಜುಲೈನಲ್ಲಿ ಬೇರೆ ದಾರಿ ಇರಲಿಲ್ಲ. ತಪ್ಪು ಆಗಿದ್ದು ಅದಕ್ಕೂ ಒಂದು ವರ್ಷ ಮುಂಚೆ, ಗಟ್ಟಿ ಅಭ್ಯರ್ಥಿಗಳು ಅಧ್ಯಕ್ಷರ ಎದುರು ನಿಲ್ಲೋಕೆ ಹೆದರಿ ಸುಮ್ಮನಾದಾಗ.

ಹಾಗಾದ್ರೆ ಹಳೇ ಥರ ಪಕ್ಷದ ಅನುಭವಿಗಳೇ ಆರಿಸಲಿ ಬಿಡಿ ಅನ್ನೋ ವಾದ ಈಗೀಗ ಜಾಸ್ತಿ ಕೇಳ್ತಿದೆ. ಡೆಮಾಕ್ರಟ್‌ಗಳು 1984ರಿಂದ ಸೂಪರ್ ಡೆಲಿಗೇಟ್‌ಗಳನ್ನ, ಅಂದ್ರೆ ಪ್ರೈಮರಿ ಫಲಿತಾಂಶಕ್ಕೆ ಕಟ್ಟುಬೀಳದ ಪಕ್ಷದ ದೊಡ್ಡವರನ್ನ, ಇಟ್ಕೊಂಡಿದ್ದೂ ಈ ಯೋಚನೆಯಿಂದಲೇ, 1972ರಲ್ಲಿ ಪ್ರೈಮರಿಗಳಿಂದ ಬಂದ ಅಭ್ಯರ್ಥಿ ಮೆಕ್‌ಗವರ್ನ್ 49 ರಾಜ್ಯ ಸೋತ ಪೆಟ್ಟು ನೆನಪಿತ್ತಲ್ಲ. 2016ರ ಗಲಾಟೆ ಆದಮೇಲೆ 2018ರಲ್ಲಿ ಅವರಿಗೆ ಪೈಪೋಟಿ ಇದ್ದಾಗ ಮೊದಲ ಸುತ್ತಲ್ಲಿ ವೋಟಿಲ್ಲ ಅಂತ ಮಾಡಿದ್ರು. ನನ್ನ ಪ್ರಕಾರ ಅದೇ ಸರಿ. ಪಕ್ಷದ ಒಳಗಿನವರಿಗೆ ಮಾತ್ರ ವೋಟು ಕೊಟ್ರೆ ಏನಾಗುತ್ತೆ ಅಂತ ನಮ್ಮಲ್ಲೇ ಒಂದು ಸಲ ನೋಡಿದೀವಿ. 2014ರ ಲೋಕಸಭೆ ಚುನಾವಣೆಗೆ ರಾಹುಲ್ ಗಾಂಧಿ ಅಮೆರಿಕದ ಮಾದರಿ ಅಂತ ಕೆಲವು ಕ್ಷೇತ್ರದಲ್ಲಿ ಪ್ರೈಮರಿ ಮಾಡಿಸಿದ್ರು, ಅದರಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಎರಡೂ ಇದ್ವು. ಬೆಂಗಳೂರಲ್ಲಿ ಸಿ. ನಾರಾಯಣಸ್ವಾಮಿ, ಮಂಗಳೂರಲ್ಲಿ ಜನಾರ್ದನ ಪೂಜಾರಿ ಗೆದ್ರು. ಆದ್ರೆ ವೋಟು ಇದ್ದಿದ್ದು ಪಕ್ಷದ ಪದಾಧಿಕಾರಿಗಳಿಗೆ, ಸಾಮಾನ್ಯ ಮತದಾರರಿಗಲ್ಲ. ಇಬ್ಬರೂ ಚುನಾವಣೆಯಲ್ಲಿ ಬಿಜೆಪಿ ಎದುರು ಸೋತರು, ಆ ಪ್ರಯೋಗ ಅಲ್ಲಿಗೇ ನಿಂತ್ಹೋಯ್ತು. ಸೋಲಿಗೆ ಮೋದಿ ಅಲೆ ಕಾರಣ ಇರಬಹುದು, ಆದ್ರೆ ಊರಿನ ಜನಕ್ಕೆ ಆ ಪ್ರೈಮರಿ ತಮ್ಮದು ಅಂತ ಅನ್ನಿಸೋಕೆ ದಾರಿನೇ ಇರಲಿಲ್ಲ.

ಪ್ರೈಮರಿಗೆ ಎಷ್ಟು ತೂಕ ಇದೆ ಅನ್ನೋದಕ್ಕೆ ಬೆಳಗಾವಿ ನಂಟಿನ ಒಂದು ಉದಾಹರಣೆ ಇದೆ, ಅಧ್ಯಕ್ಷ ಚುನಾವಣೆದಲ್ಲ, ಕಾಂಗ್ರೆಸ್ ಅಂದ್ರೆ ಅಲ್ಲಿನ ಸಂಸತ್ತಿಂದು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಠಾಣೇದಾರ್ 2022ರಲ್ಲಿ ಮಿಷಿಗನ್‌ನ ಡೆಟ್ರಾಯಿಟ್ ಭಾಗದಿಂದ ಡೆಮಾಕ್ರಟಿಕ್ ಪ್ರೈಮರಿಗೆ ನಿಂತ್ರು, ಕಣದಲ್ಲಿ ಬಹಳ ಜನ ಇದ್ರು, ಇವರು ಸುಮಾರು ಶೇ. 28 ತಗೊಂಡು ಗೆದ್ರು. ಅದು ಡೆಮಾಕ್ರಟ್‌ಗಳ ಭದ್ರಕೋಟೆ, ನವೆಂಬರ್ ಚುನಾವಣೆ ಬರೀ ಔಪಚಾರಿಕ. ಹಂಗಾಗಿ 1950ರ ದಶಕದಿಂದ ಕಪ್ಪು ಪ್ರತಿನಿಧಿ ಇರ್ತಿದ್ದ ಡೆಟ್ರಾಯಿಟ್‌ಗೆ ಅದು ಇಲ್ಲವಾಯ್ತು, ಅಲ್ಲಿನ ಎಷ್ಟೋ ಮತದಾರರಿಗೆ ಅದು ನೋವು ತಂತು. ನಮ್ಮ ಕಡೆಯವರು ಗೆದ್ರು ಅಂತ ಇಲ್ಲಿ ಖುಷಿಪಟ್ಟಿದ್ದು ಸಹಜ, ಅವರು ನಿಯಮದ ಪ್ರಕಾರ ದುಡಿದು ಗೆದ್ದಿದ್ದಾರೆ, 2024ರಲ್ಲಿ ಮತ್ತೆ ಪ್ರೈಮರಿ ಗೆದ್ರು. ಆದ್ರೂ ಶೇ. 28ಕ್ಕೆ ಸೀಟು ಕೊಡೋ ಪದ್ಧತಿ ಸರಿಯಿಲ್ಲ ಅನ್ನೋದು ಸತ್ಯನೇ.

ಇದಕ್ಕೆಲ್ಲ ಒಂದು ಮದ್ದು ಅಂದ್ರೆ ರ್‍ಯಾಂಕ್ಡ್ ಚಾಯ್ಸ್, ಒಂದನೇ ಆಯ್ಕೆ, ಎರಡನೇದು, ಮೂರನೇದು ಅಂತ ಬರೆಯೋದು, ನಿಮ್ಮ ಮೊದಲ ಅಭ್ಯರ್ಥಿ ಹೊರಗೆ ಹೋದ್ರೆ ವೋಟು ಎರಡನೆಯವರಿಗೆ ಹೋಗುತ್ತೆ. 2020ರ ಡೆಮಾಕ್ರಟಿಕ್ ಪ್ರೈಮರಿಗಳಲ್ಲಿ ಅಲಾಸ್ಕ, ಹವಾಯಿ, ಕ್ಯಾನ್ಸಸ್, ವಯೋಮಿಂಗ್ ಇದನ್ನ ಬಳಸಿ ನೋಡಿದ್ವು, ಕಣ ಬಿಟ್ಟವರಿಗೆ ಹಾಕಿದ ವೋಟು ಅಲ್ಲಿ ಪೋಲಾಗಲಿಲ್ಲ. ಆದ್ರೆ ಇಲ್ಲೇ ಒಂದು ಕಷ್ಟದ ಸಂಗತಿ ಇದೆ. 2024ರ ನವೆಂಬರ್‌ನಲ್ಲಿ ನೆವಾಡ, ಕೊಲರಾಡೊ, ಐಡಾಹೊ, ಆರಿಜೋನ, ಸೌತ್ ಡಕೋಟ ಮುಂತಾದ ಕಡೆ ಓಪನ್ ಪ್ರೈಮರಿ ಅಥವಾ ರ್‍ಯಾಂಕ್ಡ್ ಚಾಯ್ಸ್ ತರೋ ಪ್ರಸ್ತಾವಗಳನ್ನ ಮತದಾರರ ಮುಂದಿಟ್ಟಾಗ ಅವರೇ ಬೇಡ ಅಂದ್ರು. ಅಲಾಸ್ಕದಲ್ಲಿ ಇದ್ದದ್ದನ್ನ ತೆಗೆಯೋ ಪ್ರಸ್ತಾವ ಸಾವಿರಕ್ಕೂ ಕಮ್ಮಿ ವೋಟಲ್ಲಿ ಬಿದ್ದುಹೋಯ್ತು, ಅಷ್ಟೇ. ಪದ್ಧತಿ ಸರಿಯಿಲ್ಲ ಅನ್ನೋ ಜನ ಬದಲಾವಣೆಗೆ ಯಾಕೆ ಒಪ್ಪಲ್ಲ? ಪ್ರೈಮರಿ ಬದಲಾವಣೆ, ಎಣಿಕೆ ಬದಲಾವಣೆ ಎಲ್ಲಾ ಒಂದೇ ಪ್ಯಾಕೇಜಲ್ಲಿ ಕಟ್ಟಿ ಕೊಟ್ಟಿದ್ದು ಒಂದು ಕಾರಣ, ಎರಡೂ ಪಕ್ಷದ ದೊಡ್ಡವರು ವಿರೋಧಿಸಿದ್ದು ಇನ್ನೊಂದು, ಜೊತೆಗೆ ಯಾರ ಮೇಲೂ ನಂಬಿಕೆ ಇಲ್ಲದಿದ್ದಾಗ ಹೊಸ ಲೆಕ್ಕಾಚಾರ ಅಂದ್ರೆ ಇನ್ನೊಂದು ಮೋಸ ಇರಬಹುದು ಅನ್ನೋ ಅನುಮಾನ ಬರುತ್ತೆ. ಆ ಅನುಮಾನನ ಹಗುರವಾಗಿ ನೋಡಬಾರದು, ಅಯೋವಾದ ಆ್ಯಪ್ ನೆನಪಿರೋರಿಗೆ ಅದು ಬಂದೇ ಬರುತ್ತೆ.

ಅದಕ್ಕೇ ನನಗನ್ಸೋದು, ಎಣಿಕೆಗಿಂತ ಮುಂಚೆ ಕ್ಯಾಲೆಂಡರ್ ಸರಿಮಾಡಬೇಕು, ಅದು ಎಲ್ಲರಿಗೂ ಅರ್ಥ ಆಗೋ ವಿಷಯ. ರಾಜ್ಯಗಳನ್ನ ನಾಲ್ಕೈದು ಗುಂಪು ಮಾಡಿ, ಪ್ರತಿ ಗುಂಪಲ್ಲೂ ಸಣ್ಣದು ದೊಡ್ಡದು ಎರಡೂ ಇರಲಿ, ಮೊದಲ ಸರದಿ ನಾಲ್ಕು ವರ್ಷಕ್ಕೊಮ್ಮೆ ಬದಲಾಗಲಿ. ಅಡ್ಡ ಬರೋದು ನ್ಯೂ ಹ್ಯಾಂಪ್‌ಶೈರ್ ಥರದ ರಾಜ್ಯಗಳು, ತಾವೇ ಮೊದಲು ಪ್ರೈಮರಿ ನಡೆಸಬೇಕು ಅಂತ ಅಲ್ಲಿ ಕಾನೂನೇ ಇದೆ. 2024ರಲ್ಲಿ ಡೆಮಾಕ್ರಟಿಕ್ ಪಕ್ಷ ಸೌತ್ ಕ್ಯಾರೊಲೈನಾನ ಮೊದಲು ಮಾಡಿದಾಗ ನ್ಯೂ ಹ್ಯಾಂಪ್‌ಶೈರ್ ಜಗ್ಗಲಿಲ್ಲ, ಜನವರಿ 23ಕ್ಕೇ ನಡೆಸ್ತು, ಬ್ಯಾಲೆಟ್‌ನಲ್ಲಿ ಅಧ್ಯಕ್ಷರ ಹೆಸರೇ ಇಲ್ಲ, ಜನ ಕೈಯಲ್ಲಿ ಬೈಡನ್ ಅಂತ ಬರೆದು ಗೆಲ್ಲಿಸಿದ್ರು. ಈಗ 2028ಕ್ಕೆ ಎರಡೂ ಪಕ್ಷದಲ್ಲಿ ಹೊಸ ಅಭ್ಯರ್ಥಿ ಬೇಕು, ಟ್ರಂಪ್‌ಗೆ ಸಂವಿಧಾನದ ಪ್ರಕಾರ ಮೂರನೇ ಸಲ ಗೆಲ್ಲೋ ಅವಕಾಶ ಇಲ್ಲ. ಯಾವ ರಾಜ್ಯ ಮೊದಲು ಅನ್ನೋ ತೀರ್ಮಾನ ಆಗೋದು ಪ್ರಚಾರ ಶುರುವಾಗೋಕೂ ಮುಂಚೆ, ಪಕ್ಷದ ರೂಲ್ಸ್ ಕಮಿಟಿಗಳಲ್ಲಿ, ಹೆಚ್ಚಿನ ಮತದಾರರು ತಲೆ ಎತ್ತಿಯೂ ನೋಡದ ಸಭೆಗಳಲ್ಲಿ. ದೂರು ಹೇಳೋದಾದ್ರೆ ಆಗ ಹೇಳಬೇಕು, ಜೂನ್ ತಿಂಗಳ ಬ್ಯಾಲೆಟ್ ಮನೆಗೆ ಬಂದಮೇಲೆ ಅಲ್ಲ.